ನಾಲ್ಕು ಚಕ್ರದ ಸವತಿ

ಕೊನ್ನೊ ತೊಕುಜಿಯ ಮನೆಗೆ ಬಂದವರಿಗೆ ಮೊದಲು ಚಹಾ ಸಿಗುತ್ತಿರಲಿಲ್ಲ, ಕಾರು ಸಿಗುತ್ತಿತ್ತು. ಬಂದವನು ಗ್ಯಾಸ್ ಸಿಲಿಂಡರಿನವನಾಗಲಿ, ಅಪ್ಪನ ತಿಥಿಗೆ ಮಂತ್ರ ಹೇಳಲು ಬಂದ ಬೌದ್ಧ ಗುರುವಾಗಲಿ, ಶೆಡ್ಡಿನ ಮುಂದೆ ನಿಲ್ಲಿಸಿ, ಬಾನೆಟ್ ಎತ್ತಿ ತೋರಿಸಿಯೇ ಒಳಗೆ ಬಿಡುವುದು. ಆ ಕಾರು ಸುಬಾರು ಲಿಯೋನೆ, ಮೂವತ್ತು ದಾಟಿದ ವ್ಯಾಗನ್. ಬಾನೆಟ್ಟಿನ ಕೆಳಗೆ, ಎಂಜಿನ್ನಿನ ನೆತ್ತಿಯ ಮೇಲೆ, ಸ್ಟೆಪ್ನಿ ಟೈರು ಮಠದ ಸ್ವಾಮಿಯ ಹಾಗೆ ಕೂತಿರುತ್ತಿತ್ತು.

"ಇಲ್ಲಿ ಯಾಕಿದೆ ಸ್ಟೆಪ್ನಿ, ಹೇಳಿ ನೋಡೋಣ," ಎಂದು ತೊಕುಜಿ ಕೇಳುತ್ತಿದ್ದ. ಹೇಳಲು ಯಾರಿಗೂ ಪುರಸೊತ್ತು ಕೊಡುತ್ತಿರಲಿಲ್ಲ. "ಯಾಕಂದ್ರೆ ಇದರ ಎಂಜಿನ್ನು ನಿಂತಿಲ್ಲ, ಮಲಗಿದೆ. ಎರಡು ಸಿಲಿಂಡರ್ ಈ ಕಡೆಗೆ, ಎರಡು ಆ ಕಡೆಗೆ. ಭಾರವೆಲ್ಲ ನೆಲದ ಹತ್ತಿರ. ಅದಕ್ಕೇ ಮೇಲೆ ಜಾಗ."

"ಮಲಗಿರೋದು ಎಂಜಿನ್ನೊಂದೇ ಅಲ್ಲ, ಕೇಳೋರೂ ನಿಂತಲ್ಲೇ ಮಲಗಿದ್ದಾರೆ," ಎನ್ನುತ್ತ ಅವನ ಹೆಂಡತಿ ಹಿಸಾಕೊ ಅಡುಗೆಮನೆಯೊಳಗೆ ಆರಿದ ಚಹಾವನ್ನು ಮೋರಿಗೆ ಚೆಲ್ಲಿ ಮತ್ತೆ ನೀರಿಡುತ್ತಿದ್ದಳು.

ಊರಿನ ಹೆಂಗಸರು ಆ ಕಾರನ್ನು ಹಿಸಾಕೊಳ ಸವತಿ ಎಂದೇ ಕರೆಯುತ್ತಿದ್ದರು. ಹೆಸರು ಸುಳ್ಳಲ್ಲ. ಸವತಿಗೆ ಚಳಿಗಾಲದಲ್ಲಿ ಕಂಬಳಿ, ಬೇಸಿಗೆಯಲ್ಲಿ ಮೇಣದ ಉಜ್ಜು, ಎರಡು ವರ್ಷಕ್ಕೊಮ್ಮೆ ಸರಕಾರಿ ತಪಾಸಣೆಗೆ ಹೋಗುವಾಗ ಮದುವಣಗಿತ್ತಿಯ ಉಪಚಾರ. ಹಿಸಾಕೊಳಿಗೆ ಜ್ವರ ಬಂದಾಗ ತೊಕುಜಿ ಹಣೆ ಮುಟ್ಟಿ ನೋಡಿದ್ದು ಯಾರಿಗೂ ನೆನಪಿಲ್ಲ. ಆದರೆ ಲಿಯೋನೆಯ ರೇಡಿಯೇಟರು ಸ್ವಲ್ಪ ಕಾದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವಳ ತಲೆ ಚಿಟ್ಟು ಹಿಡಿಸಿದ್ದು ಅದರ ಚರಿತ್ರೆ. ತೊಕುಜಿ ದುಡಿದದ್ದು ವಿದ್ಯುತ್ ಕಂಪನಿಯಲ್ಲಿ. ಅವನು ಹುಡುಗನಾಗಿ ಕೆಲಸಕ್ಕೆ ಸೇರಿದ ಕಾಲಕ್ಕೆ, ಈ ಕಡೆಯ ಬೆಟ್ಟಗಳ ಮೇಲಿನ ತಂತಿ ನೋಡಿಕೊಳ್ಳುವವರು ಹಿಮದಲ್ಲಿ ಜೀಪಿನಲ್ಲಿ ಹೋಗುತ್ತಿದ್ದರು. ಜೀಪಿಗೆ ಬಟ್ಟೆಯ ಹೊದಿಕೆ, ಸಂದಿಯಲ್ಲೆಲ್ಲ ಗಾಳಿ. ಕೂತವರು ಕಂಬ ತಲುಪುವ ಹೊತ್ತಿಗೆ ಕಂಬದಷ್ಟೇ ಸೆಟೆದಿರುತ್ತಿದ್ದರು. ಜೀಪಿನ ಹಾಗೆ ಹಿಮ ಹತ್ತಬೇಕು, ಮನೆಯ ಕಾರಿನ ಹಾಗೆ ಬೆಚ್ಚಗಿರಬೇಕು, ಅಂಥದ್ದೊಂದು ಮಾಡಿಕೊಡಿ ಎಂದು ವಿದ್ಯುತ್ ಕಂಪನಿ ಕೇಳಿದ್ದಕ್ಕೆ, ಸುಬಾರುವಿನವರು ಮುಂದಿನ ಚಕ್ರ ಮಾತ್ರ ತಿರುಗುತ್ತಿದ್ದ ಮಾಮೂಲಿ ಕಾರಿಗೆ ಬೇರೆ ಕಂಪನಿಯ ಕಾರಿನ ಹಿಂದಿನ ಅಚ್ಚು ತಂದು ಜೋಡಿಸಿ ನಾಲ್ಕೂ ಚಕ್ರ ತಿರುಗಿಸಿದರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರು ಹಿಮ ಹತ್ತಲು ಶುರುವಾದದ್ದು ಹಾಗೆ. ಕಥೆ ನಿಜ. ಕೇಳಲೂ ಚೆನ್ನಾಗಿದೆ, ಒಂದು ಸಲ.

ತೊಕುಜಿ ಅದನ್ನು ಹೇಳುವಾಗ "ನಾವು" ಎನ್ನುತ್ತಿದ್ದ. "ನಾವು ಜೀಪಲ್ಲಿ ಸಾಯ್ತಿದ್ವಿ." "ನಾವು ಕೇಳಿದ್ದಕ್ಕೇ ಅವರು ಮಾಡಿದ್ದು." ಅವನು ನಿವೃತ್ತನಾಗುವವರೆಗೆ ಕೂತಿದ್ದು ಕಂಪನಿಯ ಉಗ್ರಾಣದಲ್ಲಿ, ಸೀಮೆಎಣ್ಣೆ ಒಲೆಯ ಪಕ್ಕ, ನಟ್ಟು ಬೋಲ್ಟು ಎಣಿಸಿಕೊಂಡು. ಹಿಮದಲ್ಲಿ ಕಂಬ ಹತ್ತಿದವರು ಬೇರೆ ಯಾರೋ. ಇವನು ಅವರಿಗೆ ಕೈಗವಸು ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದ.

ಇಂಥವನು ನಿವೃತ್ತನಾಗಿ ದಿನವಿಡೀ ಮನೆಯಲ್ಲಿ ಬಿದ್ದುಕೊಂಡರೆ ಹೇಗಿರಬೇಡ. ಮೂರು ಹೊತ್ತು ಊಟ, ಮೂರು ಹೊತ್ತೂ ಚರಿತ್ರೆ. ಆರು ವರ್ಷ ಅದನ್ನು ನುಂಗಿದ ಮೇಲೆ, ಈ ಚಳಿಗಾಲದ ಶುರುವಿನಲ್ಲಿ ಹಿಸಾಕೊಳಿಗೆ ಒಂದು ಬಾಗಿಲು ತೆರೆಯಿತು. ಕಣಿವೆಯ ಮೇಲ್ತುದಿಯಲ್ಲಿರುವ ಬಿಸಿನೀರಿನ ಬುಗ್ಗೆಯ ವಸತಿಗೃಹ ಮಾತ್ಸುನೊಯುವಿನ ಯಜಮಾನಿ ಮಿನೆಕೊ, ಹಳ್ಳಿಯ ಸಹಕಾರಿ ಅಂಗಡಿಯಲ್ಲಿ ಹಿಸಾಕೊಳ ಸೊಪ್ಪಿನ ಉಪ್ಪಿನಕಾಯಿ ತಿಂದು ಬೆರಳು ನೆಕ್ಕಿ, ಮಾಡಿದವರನ್ನು ಕಳಿಸಿ ಎಂದು ಹೇಳಿ ಕಳಿಸಿದ್ದಳು. ಬೆಳಗಿನ ಅಡುಗೆಗೆ ಜನ ಬೇಕಿತ್ತು. ಹಿಸಾಕೊಳಿಗೆ ಆ ಕೆಲಸ ಬೇಕೇ ಬೇಕಿತ್ತು. ಅರವತ್ತೊಂದನೆಯ ವಯಸ್ಸಿನಲ್ಲಿ, ತನ್ನ ಕೈರುಚಿಯನ್ನು ಮಾತಿನ ನಡುವೆ ಗಮನಿಸದೆ ನುಂಗುವ ಒಂದೇ ಬಾಯಿ ಬಿಟ್ಟು ಬೇರೆ ಬಾಯಿಗಳಿಗೆ ಬಡಿಸಬೇಕು ಎಂದು ಅವಳಿಗೆ ಹಸಿವಿನಷ್ಟೇ ಜೋರಾಗಿ ಅನ್ನಿಸಿತ್ತು.

"ನಾನೇ ಕರಕೊಂಡು ಹೋಗ್ತೀನಿ," ಎಂದ ತೊಕುಜಿ. "ಹಿಮ ಬಿದ್ದಿದೆ. ಇಂಥ ದಿನಕ್ಕೇ ಈ ಗಾಡಿ ಹುಟ್ಟಿರೋದು."

ಹೊರಡುವಾಗ ಮನೆಯ ಮುಂದೆ ಮೊಣಕಾಲುದ್ದ ಹಿಮ. ತೊಕುಜಿ ಗೇರಿನ ಪಕ್ಕದ ಎರಡನೇ ಲಿವರನ್ನು ಹಿಡಿದು, ದೇವರ ಗಂಟೆ ಎಳೆಯುವವನ ಭಕ್ತಿಯಿಂದ ಎಳೆದ. ಹಿಂದಿನ ಚಕ್ರಗಳೂ ಎಚ್ಚೆತ್ತವು. ಗಾಡಿ ನಿಜಕ್ಕೂ ಚೆನ್ನಾಗಿ ಹತ್ತಿತು. ಹತ್ತದೆ ಇದ್ದಿದ್ದರೇ ಚೆನ್ನಾಗಿತ್ತು, ಅವನ ಬಾಯಿಯಾದರೂ ನಿಲ್ಲುತ್ತಿತ್ತೇನೋ ಎಂದು ಹಿಸಾಕೊ ಅಂದುಕೊಂಡಳು.

ಕಣಿವೆಯ ಮೇಲ್ಭಾಗದ ರಸ್ತೆಯ ನಡುವೆ ಸಾಲಾಗಿ ಕೊಳವೆ ಹೂತಿದ್ದಾರೆ. ಅದರ ತೂತುಗಳಿಂದ ನೆಲದಡಿಯ ನೀರು ಚಿಮ್ಮಿ ಹಿಮ ಕರಗಿಸುತ್ತದೆ. ಅಲ್ಲಿಂದ ಮುಂದೆ ರಸ್ತೆ ಕಪ್ಪಗೆ, ಬರಿದಾಗಿ, ಒದ್ದೆಯಾಗಿ ಇರುತ್ತದೆ. ಅಂಥ ನೆಲಕ್ಕೆ ಬಂದ ಕೂಡಲೇ ಆ ಎರಡನೇ ಲಿವರನ್ನು ಬಿಡಿಸಬೇಕು. ಯಾಕೆಂದರೆ ನಾಲ್ಕೂ ಚಕ್ರ ಒಂದೇ ಸಮ ತಿರುಗುವಂತೆ ಕಟ್ಟಿಹಾಕಿದ ಹಳೆಯ ಕಾಲದ ಗಾಡಿ ಅದು. ಹಿಮದ ಮೇಲಾದರೆ ಚಕ್ರ ಜಾರಿಕೊಂಡು ಹೊಂದಿಕೊಳ್ಳುತ್ತದೆ, ಬರಿಯ ರಸ್ತೆಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಜಗಳಕ್ಕೆ ಬಿದ್ದು ಗಾಡಿ ಯಾರೋ ಬ್ರೇಕ್ ಒತ್ತಿದ ಹಾಗೆ ಕಚ್ಚಿಕೊಂಡು ನಿಲ್ಲುತ್ತದೆ. ಈ ಮಾತನ್ನು ಊರಿಗೆಲ್ಲ ಹೇಳಿ ಹೇಳಿ ಬಾಯಿಪಾಠ ಮಾಡಿಸಿದವನೇ ತೊಕುಜಿ. ಆದರೆ ಆ ಹೊತ್ತಿಗೆ ಅವನು ಜೀಪಿನಲ್ಲಿ "ನಾವು" ಚಳಿಗೆ ಸಾಯುತ್ತಿದ್ದ ಘಟ್ಟದಲ್ಲಿದ್ದ. ಲಿವರು ಇದ್ದಲ್ಲೇ ಇತ್ತು.

ಹಿಸಾಕೊ ಅದನ್ನು ನೋಡಿದಳು. ಹೇಳೋಣವೇ ಎಂದುಕೊಂಡಳು. ಮೂವತ್ತು ವರ್ಷಗಳಲ್ಲಿ ಆ ಗಾಡಿಯೊಳಗೆ ಅವಳು ಹೇಳಿದ್ದಕ್ಕೆಲ್ಲ ಬಂದಿದ್ದ ಉತ್ತರ ಒಂದೇ, "ನಿನಗೇನು ಗೊತ್ತು." ಉಪ್ಪಿನಕಾಯಿಯ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕಿಟಕಿಯ ಆಚೆ ನೋಡಿದಳು.

ಮಾತ್ಸುನೊಯುವಿನ ಅಂಗಳ ಇಕ್ಕಟ್ಟು. ಗೇಟಿನ ಒಳಗೆ ಒಂದು ಕಲ್ಲಿನ ದೀಪಸ್ತಂಭ, ಅದನ್ನು ಸುತ್ತಿ ಬಾಗಿಲಿಗೆ ಹೋಗಬೇಕು. ಬುಗ್ಗೆಯ ಬಿಸಿನೀರು ಹರಿಸಿ ಅಂಗಳವನ್ನು ಒಂದು ಚೂರೂ ಹಿಮವಿಲ್ಲದಂತೆ ಇಟ್ಟಿದ್ದರು. ತೊಕುಜಿ ಗತ್ತಿನಿಂದ ಸ್ಟೇರಿಂಗ್ ಪೂರ್ತಿ ತಿರುಗಿಸಿದ. ಲಿಯೋನೆ ಒಮ್ಮೆ ಗುಟುರು ಹಾಕಿತು, ಮೈ ನಡುಗಿಸಿತು, ಗೇಟಿನ ನಟ್ಟನಡುವೆ ಕುಪ್ಪಳಿಸಿ ನಿಂತುಬಿಟ್ಟಿತು. ಮತ್ತೆ ಚಾಲೂ ಮಾಡಿ ಆಕ್ಸಿಲರೇಟರ್ ತುಳಿದ. ಮತ್ತೆ ಕುಪ್ಪಳಿಸಿ ನಿಂತಿತು. ಹಿಂದೆ ವಸತಿಗೃಹದ ಚಿಕ್ಕ ಬಸ್ಸು ಅತಿಥಿಗಳನ್ನು ತುಂಬಿಕೊಂಡು ಬಂದು ಹಾರ್ನ್ ಹೊಡೆಯಿತು.

"ರೀ, ಸ್ಟೇರಿಂಗ್ ನೇರ ಮಾಡ್ಕೊಂಡು ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಆಮೇಲೆ ಲಿವರ್ ಬಿಡಿಸಿ," ಎಂದಳು ಹಿಸಾಕೊ.

"ನಿನಗೇನು ಗೊತ್ತು. ಚಳಿಗೆ ಎಣ್ಣೆ ಗಟ್ಟಿಯಾಗಿದೆ."

ಅಷ್ಟರಲ್ಲಿ ಬಸ್ಸಿನ ಚಾಲಕ ಇಳಿದು ಬಂದ. ಅವನ ಹಿಂದೆ ಇಬ್ಬರು ಅತಿಥಿಗಳೂ ಬಂದರು. "ಓ, ಹಳೇ ಲಿಯೋನೆ," ಎಂದ ಅವರಲ್ಲೊಬ್ಬ. ಅಷ್ಟು ಸಾಕಾಯಿತು. ತೊಕುಜಿ ಗೇಟಿಗೆ ಅಡ್ಡ ನಿಂತ ಗಾಡಿಯಿಂದ ಇಳಿದು ಬಾನೆಟ್ ಎತ್ತಿದ. "ಇಲ್ಲಿ ಯಾಕಿದೆ ಸ್ಟೆಪ್ನಿ, ಹೇಳಿ ನೋಡೋಣ."

ಹಿಸಾಕೊ ತನ್ನ ಕಡೆಯ ಬಾಗಿಲು ತೆರೆದು, ಕೊಡೆ ಬಿಚ್ಚಿ, ಉಪ್ಪಿನಕಾಯಿಯ ಗಂಟು ಹಿಡಿದುಕೊಂಡು ನಡೆದೇ ಒಳಗೆ ಹೋದಳು. ಆ ಹತ್ತು ಹೆಜ್ಜೆಗಳಲ್ಲಿ ಅವಳ ಕಿವಿ ಕೆಂಪಾಗಿತ್ತು, ಚಳಿಗಲ್ಲ.

ಯಜಮಾನಿ ಮಿನೆಕೊ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. "ಕೊನ್ನೊ-ಸಾನ್, ನಿಮ್ಮ ಮನೆಯವರು ಅಲ್ಲಿ ಏನು ಮಾಡ್ತಿದ್ದಾರೆ?"

"ಚರಿತ್ರೆ ಹೇಳ್ತಿದ್ದಾರೆ."

"ಮುಗಿಯೋದು ಯಾವಾಗ?"

"ನನ್ನ ಮದುವೆಯಾಗಿ ಮೂವತ್ತೈದು ವರ್ಷ ಆಯ್ತು. ಇನ್ನೂ ಮುಗಿದಿಲ್ಲ."

ಮಿನೆಕೊ ನಗಲಿಲ್ಲ. ಉಪ್ಪಿನಕಾಯಿ ತೆಗೆದು ಬಾಯಿಗಿಟ್ಟುಕೊಂಡಳು, ಕಣ್ಣು ಮುಚ್ಚಿ ಅಗಿದಳು. ಆಮೇಲೆ ವ್ಯವಹಾರಕ್ಕೆ ಬಂದಳು. "ಕೈ ಒಪ್ಪಿದೆ. ಆದರೆ ಬೆಳಗ್ಗೆ ಐದಕ್ಕೆ ಒಲೆಯ ಮುಂದೆ ಇರಬೇಕು. ಊರಿಂದ ಇಲ್ಲಿಗೆ ಬರೋ ಬಸ್ಸು ಹಿಮಕ್ಕೆ ಈ ವಾರ ನಿಲ್ಲುತ್ತೆ, ಇನ್ನು ಏಪ್ರಿಲ್‌ಗೇ. ಹಿಂದಿನವಳನ್ನ ಅವಳ ಮಗ ತಂದು ಬಿಡ್ತಿದ್ದ. ಅವನು ಕುಡಿದು ಮಲಗಿದ ದಿನ ನನ್ನ ಅತಿಥಿಗಳಿಗೆ ಅನ್ನ ಇಲ್ಲ. ಯಾರೋ ತಂದು ಬಿಡೋ ಕೆಲಸದವರು ನನಗೆ ಬೇಡ. ನೀವು ಗಾಡಿ ಓಡಿಸ್ತೀರಾ?"

ಹಿಸಾಕೊ ಪರ್ಸಿನಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಚಿನ್ನದ ಬಣ್ಣದ ಪಟ್ಟಿ. ವರ್ಷಗಟ್ಟಲೆ ಒಂದೂ ತಪ್ಪು ಮಾಡದ ಚಾಲಕರಿಗೆ ಪೊಲೀಸರು ಕೊಡುವ ಮರ್ಯಾದೆ ಅದು.

"ಚಿನ್ನದ್ದು," ಎಂದಳು ಮಿನೆಕೊ. "ಕೊನೆಗೆ ಓಡಿಸಿದ್ದು ಯಾವಾಗ?"

"ಆ ಕಾರು ಮನೆಗೆ ಬಂದ ವಾರ. ಶೆಡ್ಡಿನ ಕಂಬಕ್ಕೆ ಒಂಚೂರು ತಾಗಿಸಿದೆ. ಆವತ್ತಿಂದ ಮುಟ್ಟೋಕೆ ಬಿಟ್ಟಿಲ್ಲ."

ಈಗ ಮಿನೆಕೊ ಹೊಟ್ಟೆ ಹಿಡಿದು ನಕ್ಕಳು. "ಓಡಿಸದೆ ಇದ್ದರೆ ನನ್ನ ಬೆಕ್ಕಿಗೂ ಚಿನ್ನದ ಲೈಸೆನ್ಸೇ ಸಿಗುತ್ತೆ." ನಗು ಮುಗಿಸಿ ಹೇಳಿದಳು: "ಹೊಸವರ್ಷದ ಅತಿಥಿಗಳು ಬರೋ ಮುಂಚೆ ನೀವೇ ಓಡಿಸ್ಕೊಂಡು ಈ ಅಂಗಳಕ್ಕೆ ಬನ್ನಿ. ಬಂದರೆ ಒಲೆ ನಿಮ್ಮದು. ಇಲ್ಲದಿದ್ರೆ ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬಾರದು."

ಹೊರಗೆ ಅತಿಥಿಗಳೆಲ್ಲ ಬಂದು ತಳ್ಳಿ ಲಿಯೋನೆಯನ್ನು ಹಿಂದಕ್ಕೆ ಸರಿಸಿದ್ದರು. ಹಿಂದಕ್ಕೆ ಸರಿದ ಕೂಡಲೇ ಲಿವರು ಬೆಣ್ಣೆಯ ಹಾಗೆ ಬಿಟ್ಟುಕೊಂಡಿತ್ತು. "ನಾನು ಹೇಳಲಿಲ್ವಾ, ಎಣ್ಣೆ," ಎಂದು ತೊಕುಜಿ ಅವರಿಗೆಲ್ಲ ತಲೆಬಾಗಿ ವಂದಿಸುತ್ತಿದ್ದ.

ಆ ಸಂಜೆ ಹಿಸಾಕೊ ನೇರವಾಗಿ ಕೇಳಿದಳು. "ನಿಮ್ಮ ಗಾಡಿ ನನಗೆ ಕಲಿಸಿ. ಬೆಳಗ್ಗೆ ತಗೊಂಡು ಹೋಗ್ತೀನಿ, ಮಧ್ಯಾಹ್ನ ತಂದು ನಿಲ್ಲಿಸ್ತೀನಿ."

ತೊಕುಜಿ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದ. "ಏಯ್, ಅದು ನಿನ್ನ ಕೈಗೆ ಬಗ್ಗೋ ಗಾಡಿ ಅಲ್ಲ. ಅದಕ್ಕೆ ಅದರದೇ ಸ್ವಭಾವ ಇದೆ. ಗಂಡಸರಿಗೇ ವರ್ಷ ಹಿಡಿಯುತ್ತೆ."

"ಇವತ್ತು ನೋಡಿದೆ ಬಿಡಿ, ಗಂಡಸರಿಗೆ ಎಷ್ಟು ಹಿಡಿಯುತ್ತೆ ಅಂತ."

"ದಿನಾ ನಾನೇ ಬಿಡ್ತೀನಿ. ಅದಕ್ಕಿಂತ ಇನ್ನೇನು ಬೇಕು ನಿನಗೆ?"

ಬೆಳಗ್ಗೆ ಎಂಟಕ್ಕೆ ಮುಂಚೆ ಕಣ್ಣು ಬಿಡದ ಮನುಷ್ಯನ ಬಾಯಿಂದ ಈ ಔದಾರ್ಯ. ಹಿಸಾಕೊ ತಟ್ಟೆ ಎತ್ತಿದಳು. ಮಾರನೇ ದಿನ ಪೇಟೆಯ ಡ್ರೈವಿಂಗ್ ಶಾಲೆಗೆ ಹೋಗಿ, ಲೈಸೆನ್ಸ್ ಇದ್ದೂ ಓಡಿಸಲು ಬಾರದವರಿಗೆಂದೇ ನಡೆಸುವ ತರಗತಿಗೆ ಹೆಸರು ಕೊಟ್ಟಳು. ತೊಕುಜಿಗೆ ಹೇಳಿಯೇ ಹೋದಳು. ಅವನು ನಕ್ಕು, ಕ್ಷೌರದಂಗಡಿಗೆ ಹೋಗಿ ಅಲ್ಲಿದ್ದವರನ್ನೂ ನಗಿಸಿದ.

ಕಲಿಸುವವಳು ಇಪ್ಪತ್ತೈದರ ಹುಡುಗಿ. ಮೂರನೇ ಪಾಠಕ್ಕೇ ಹಿಮದ ಇಳಿಜಾರಿನಲ್ಲಿ ಬಿಟ್ಟು ನೋಡಿದಳು. "ಕೊನ್ನೊ-ಸಾನ್, ನಿಮ್ಮ ವಯಸ್ಸಿನವರೆಲ್ಲ ಇಲ್ಲಿ ಸ್ಟೇರಿಂಗ್ ತಬ್ಬಿಕೊಂಡು ಬಿಡ್ತಾರೆ. ನಿಮಗೆ ಭಯಾನೇ ಇಲ್ವಲ್ಲ."

"ಪಕ್ಕದ ಸೀಟಲ್ಲಿ ಕೂತು ಭಯ ಪಡೋದೆಲ್ಲ ಪಟ್ಟು ಮುಗಿಸಿದೀನಮ್ಮ," ಎಂದಳು ಹಿಸಾಕೊ.

ಅವಳು ಹೇಳಿದ್ದು ಅರ್ಧ ನಿಜ. ಮೊದಲ ದಿನ ಅವಳು ಶಾಲೆಯ ಶೌಚಾಲಯದ ಚಿಲಕ ಹಾಕಿಕೊಂಡು, ಹೆಸರು ಕರೆಯುವವರೆಗೆ ಹೊರಗೆ ಬಂದಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಕ್ಷೌರದಂಗಡಿಗೆ ಇನ್ನೊಂದು ನಗು ಸಿಗುತ್ತಿತ್ತು.

ಗಾಡಿಯ ಚಿಂತೆ ತೋಫು ಮಾರುತ್ತಿದ್ದ ಸಾದಾಯೊ ಅಜ್ಜಿಯಿಂದ ಬಗೆಹರಿಯಿತು. ಮಂಡಿ ನೋವು ಬಂದು ಅಂಗಡಿ ಮುಚ್ಚಿದ ಅಜ್ಜಿಯ ಮನೆ ಮುಂದೆ, ತೋಫು ಹೊತ್ತು ಊರೆಲ್ಲ ಸುತ್ತಿದ ಪುಟ್ಟ ಬಿಳಿ ಗಾಡಿ ಹಿಮ ಹೊದ್ದು ನಿಂತಿತ್ತು. "ತಗೊಂಡು ಹೋಗೆ ಹಿಸಾ," ಎಂದಳು ಅಜ್ಜಿ. "ನನಗೆ ಬದುಕಿರೋ ತನಕ ಉಪ್ಪಿನಕಾಯಿ ಕೊಡು, ಸಾಕು. ಒಳಗೆ ಕರಿದ ತೋಫು ವಾಸನೆ ಬರುತ್ತೆ, ಅದು ಹೋಗಲ್ಲ."

"ಬರಲಿ ಬಿಡಜ್ಜಿ. ಚರಿತ್ರೆ ವಾಸನೆಗಿಂತ ವಾಸಿ."

ಇತ್ತ ತೊಕುಜಿಯ ತಲೆಯೊಳಗೂ ಏನೋ ನಡೆದಿತ್ತು. ಗೇಟಿನಲ್ಲಿ ಗಾಡಿ ಕಚ್ಚಿಕೊಂಡ ಸುದ್ದಿ ಬಸ್ಸಿನ ಚಾಲಕನ ಬಾಯಿಂದ ಊರಿಗೆ ಇಳಿದಿತ್ತು. ಕ್ಷೌರದಂಗಡಿಯಲ್ಲಿ ಅವನು ಜೀಪಿನ ಕಥೆ ಶುರುಮಾಡಿದರೆ ಯಾರಾದರೊಬ್ಬರು "ಲಿವರ್ ಬಿಡಿಸಿ ಬಂದ್ರಾ, ಕೊನ್ನೊ-ಸಾನ್," ಎನ್ನುತ್ತಿದ್ದರು. ಎರಡು ದಿನ ಅವನು ಅಲ್ಲಿಗೆ ಹೋಗಲಿಲ್ಲ. ಮೂರನೇ ಸಂಜೆ ಒಳ್ಳೆಯ ಅಂಗಿ ಹಾಕಿಕೊಂಡು ಊಟಕ್ಕೆ ಕೂತ. ಹಿಸಾಕೊಳ ಮುಂದೆ ನೇರಳೆ ರೇಷ್ಮೆಯ ಚೌಕದಲ್ಲಿ ಸುತ್ತಿದ ಏನನ್ನೋ ಎರಡೂ ಕೈಯಲ್ಲಿ ಇಟ್ಟ. ಮದುವೆಯ ಉಡುಗೊರೆಯ ಲಕೋಟೆ ಸುತ್ತುವ ಚೌಕ ಅದು.

ಬಿಚ್ಚಿದರೆ ಒಳಗೆ ಲಿಯೋನೆಯ ಕೀ.

"ನನ್ನ ತಮ್ಮ ಕೇಳಿದಾಗಲೂ ಕೊಟ್ಟಿಲ್ಲ," ಎಂದ ತೊಕುಜಿ. "ನೀನು ತಗೋ. ಏರಿನಲ್ಲಿ ನಿಲ್ಲಿಸಿದಾಗ ಕ್ಲಚ್ ತುಳಿದೇ ಇರು, ಬ್ರೇಕ್ ಬಿಟ್ಟರೂ ಅದು ಹಿಂದಕ್ಕೆ ಬರಲ್ಲ, ಹಿಡಕೊಂಡೇ ಇರುತ್ತೆ. ಆ ಕಾಲದಲ್ಲೇ ಅಂಥದ್ದು ಮಾಡಿದ್ರು. ಬಾಗಿಲು ಹಾಕುವಾಗ ಗಾಜು ಹಿಡಿದು ಎಳೀಬೇಡ, ಆ ಗಾಜಿಗೆ ಸುತ್ತ ಚೌಕಟ್ಟಿಲ್ಲ. ಮತ್ತೆ ಆ ಎರಡನೇ ಲಿವರು..." ಅಲ್ಲಿ ನಿಂತ. "ಅದು ನಿನಗೆ ಗೊತ್ತು."

ಹಿಸಾಕೊಳಿಗೆ ಅಳು ಬಂತು. ಇದು ಅವಳಿಗೇ ಅನಿರೀಕ್ಷಿತ. ಈ ಕೀಯನ್ನು ಹತ್ತು ವರ್ಷದ ಹಿಂದೆ ಕೊಟ್ಟಿದ್ದರೆ ಅವನ ಕಾಲಿಗೆ ಬೀಳುತ್ತಿದ್ದಳೇನೋ. ಇಪ್ಪತ್ತು ವರ್ಷದ ಹಿಂದೆ ಕೊಟ್ಟಿದ್ದರೆ ಆ ಚರಿತ್ರೆಯನ್ನು ತಾನೇ ಊರಿಗೆಲ್ಲ ಹೇಳುತ್ತಿದ್ದಳೇನೋ. ಊರೆಲ್ಲ ನಕ್ಕ ಮೇಲೆ ಕೊಡಲು ಬಂದಿದ್ದಾನೆ. ಅಳು ಬಂದಷ್ಟೇ ಬೇಗ ಸಿಟ್ಟೂ ಬಂತು. ರೇಷ್ಮೆಯ ಚೌಕವನ್ನು ಮೊದಲಿನ ಹಾಗೆಯೇ ಮಡಿಚಿ ಅವನ ಕಡೆ ಸರಿಸಿದಳು.

"ನನಗೆ ಬೇಡ ರೀ."

"ಬೇಡ ಅಂದ್ರೆ?"

"ನನ್ನ ಗಾಡಿ ಹೊರಗೆ ನಿಂತಿದೆ. ವೈಪರ್ ಎತ್ತಿ ಬಂದಿದೀನಿ, ರಾತ್ರಿ ಹಿಮ ಬಿದ್ದರೂ ಗಾಜಿಗೆ ಅಂಟಲ್ಲ."

ತೊಕುಜಿ ಎದ್ದು ಹೊರಗೆ ಹೋದ. ತೋಫು ಗಾಡಿಯನ್ನು ಸುತ್ತು ಹಾಕಿದ, ಬಗ್ಗಿ ಅದರ ಹೊಟ್ಟೆಯ ಕೆಳಗೆ ಟಾರ್ಚ್ ಬಿಟ್ಟ. ಎದ್ದು ನಿಂತಾಗ ಅವನ ಮುಖ ಕಳೆಗುಂದಿತ್ತು. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೂ ತಿರುಗುವ ದಂಡ ಹೋಗಿರುವುದನ್ನು ಅವನು ನೋಡಿದ್ದ.

"ಇದಕ್ಕೂ ನಾಲ್ಕು ಚಕ್ರ ತಿರುಗುತ್ತೆ."

"ಈ ಊರಲ್ಲಿ ಯಾವುದಕ್ಕೆ ತಿರುಗಲ್ಲ ಹೇಳಿ. ಅಂಚೆಯವನದ್ದೂ ತಿರುಗುತ್ತೆ."

ಅವನು ಬಾಗಿಲು ತೆರೆದು ಒಳಗೆ ಇಣುಕಿದ. "ಲಿವರ್ ಎಲ್ಲಿ?"

"ಇಲ್ಲ. ಮುಂದಿನದು ಜಾರಿದ್ರೆ ಹಿಂದಿನದು ತಾನೇ ಹಿಡಿಯುತ್ತಂತೆ."

"ಹಿಡೀತು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಗೊತ್ತಾಗಿ ಏನಾಗಬೇಕು?"

"ಮತ್ತೆ," ಎಂದ ತೊಕುಜಿ, ನಿಜವಾಗಿಯೂ ಅರ್ಥವಾಗದೆ, "ಇದರ ಬಗ್ಗೆ ಜನಕ್ಕೆ ಏನಂತ ಹೇಳ್ತೀಯ?"

"ಏನೂ ಹೇಳಲ್ಲ. ಹೋಗ್ತೀನಿ, ಬರ್ತೀನಿ."

ಮಾರನೇ ದಿನ ಅವಳ ಮೊದಲ ಬೆಳಗು. ಕತ್ತಲಲ್ಲೇ ಎದ್ದು ಹೊರಗೆ ಬಂದರೆ ತೋಫು ಗಾಡಿಯ ಮೇಲಿನ ಹಿಮ ಯಾರೋ ಗುಡಿಸಿದ್ದರು. ಪಕ್ಕದ ಸೀಟಿನಲ್ಲಿ ತೊಕುಜಿ ಹತ್ತಿಯ ನಿಲುವಂಗಿ ಸುತ್ತಿಕೊಂಡು ಕೂತಿದ್ದ.

"ಮೇಲಿನ ಸೇತುವೆ ಹತ್ತಿರ ಮಂಜುಗಡ್ಡೆ ಕಟ್ಟಿರುತ್ತೆ. ಮೊದಲನೇ ದಿನ. ಬರ್ತೀನಿ."

"ಬಾಯಿ ಮುಚ್ಕೊಂಡು ಕೂರೋದಾದ್ರೆ ಬನ್ನಿ."

ಅವನು ಬಾಯಿ ಮುಚ್ಚಿಕೊಂಡು ಕೂತ. ಸೇತುವೆಯ ಹತ್ತಿರ ಗಾಡಿ ಸ್ವಲ್ಪ ಜಾರಿತು. ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು, ಕೈ ಕಿಟಕಿಯ ಮೇಲಿನ ಹಿಡಿಯನ್ನು ಹಿಡಿಯಿತು. ಹಿಸಾಕೊ ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೆದರದೆ, ಗಾಡಿ ತಾನೇ ನೇರವಾಗಲು ಬಿಟ್ಟಳು. ಅದು ನೇರವಾಯಿತು. ಹಿಂದಿನ ಚಕ್ರ ಯಾವಾಗ ಹಿಡಿಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಮಾತ್ಸುನೊಯುವಿನ ಗೇಟು ದಾಟಿ, ದೀಪಸ್ತಂಭವನ್ನು ಒಂದೇ ಸುತ್ತಿನಲ್ಲಿ ಬಳಸಿ, ಅಡುಗೆಮನೆಯ ಬಾಗಿಲ ಪಕ್ಕ ನಿಲ್ಲಿಸಿದಳು. ಒಳಗೆ ದೀಪ ಉರಿಯುತ್ತಿತ್ತು. ಹೊಗೆಕೊಳವೆಯಿಂದ ಬರುತ್ತಿದ್ದ ಹಬೆಯಲ್ಲಿ ಅನ್ನ ಬೇಯುವ ವಾಸನೆಯಿತ್ತು. ಮಿನೆಕೊ ಬಾಗಿಲಿಗೆ ಬಂದು ಗಾಡಿಯನ್ನೂ ಅದರ ಸ್ಟೇರಿಂಗಿನ ಮುಂದೆ ಕೂತವಳನ್ನೂ ನೋಡಿ, ಒಂದು ಏಪ್ರನ್ ಎತ್ತಿ ತೋರಿಸಿದಳು.

ಹಿಸಾಕೊ ಇಳಿದಳು. ತೊಕುಜಿಯೂ ಇಳಿದು ಚಳಿಯಲ್ಲಿ ನಿಂತ. ಸುತ್ತ ನೋಡಿದ. ಬಸ್ಸು ನಿಲ್ಲುವ ಜಾಗದ ಬೋರ್ಡಿಗೆ ಏಪ್ರಿಲ್‌ವರೆಗೆ ಚೀಲ ಕಟ್ಟಿದ್ದರು. ಕೆಳಗಿನ ಊರು ಕತ್ತಲಲ್ಲಿ ಕಾಣುತ್ತಲೇ ಇರಲಿಲ್ಲ.

"ಏಯ್," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಹಿಸಾಕೊ, ನಾನೀಗ ಮನೆಗೆ ಹೇಗೆ ಹೋಗ್ಲಿ?"

ತವರಿನಿಂದ, ಆಸ್ಪತ್ರೆಯಿಂದ, ಗೆಳತಿಯರ ಮನೆಯಿಂದ, ಪೇಟೆಯ ಅಂಗಡಿಯ ಫೋನಿನಿಂದ, ಮೂವತ್ತು ವರ್ಷ ಈ ಪ್ರಶ್ನೆಯನ್ನು ಅವಳು ಅವನಿಗೆ ಕೇಳಿದ್ದಳು. ಅವನು ಕೊಡುತ್ತಿದ್ದ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು.

"ನನ್ನ ಕೆಲಸ ಮುಗಿಯೋ ತನಕ ಕಾಯಿರಿ," ಎಂದು ಹೇಳಿ, ಏಪ್ರನ್ ಕಟ್ಟಿಕೊಂಡು ಒಲೆಯ ಕಡೆ ಹೋದಳು.